ಹಳೆ ಬುಲೆಟ್ ಹೆಡ್: ಮೊದಲು ಗೈಡ್, ಆಮೇಲೆ ವಾಲ್ವ್

ಗಾಡಿ 1976ರ ಬುಲೆಟ್ 350. ಬ್ಯಾರಲ್, ಕ್ರ್ಯಾಂಕ್ ಕೆಲಸ ಎಲ್ಲರೂ ಮಾಡುತ್ತಾರೆ, ಅದನ್ನು ಬಿಡುತ್ತೇನೆ. ಹೆಡ್ ಬಗ್ಗೆ, ಅಂದರೆ ವಾಲ್ವ್‌ಗಳು ಕೂರುವ ಇಂಜಿನ್‌ನ ಮೇಲ್ಭಾಗದ ಬಗ್ಗೆ ಮಾತ್ರ ಹೇಳಬೇಕು. ಬೆಳಗಾವಿಯಲ್ಲಿ ನಾನು ಕೇಳಿದ ಮೆಕ್ಯಾನಿಕ್‌ಗಳೆಲ್ಲ ಒಂದೇ ಮಾತು ಹೇಳಿದರು: "ಹೊಸಾ ಹೆಡ್ ಹಾಕಿಬಿಡ್ರಿ ಸರ, ಸುಮ್ನ ಯಾಕ ತಲಿ ಕೆಡಿಸ್ಕೊಳ್ತೀರಿ?" ಹೊಸದಕ್ಕೆ ಆಗ 8-9 ಸಾವಿರ. ನನ್ನ ಹೆಡ್‌ನಲ್ಲಿ ಕ್ರ್ಯಾಕ್ ಇರಲಿಲ್ಲ, ಪ್ಲಗ್ ಥ್ರೆಡ್ ಗಟ್ಟಿ ಇತ್ತು. ಅದನ್ನು ಗುಜರಿಗೆ ಹಾಕುವ ಮಾತೇ ಇಲ್ಲ.

ಮೊದಲು ಕೆಲಸ ಕೊಟ್ಟ ಅಂಗಡಿಯವರು ಸೀಟ್ (ವಾಲ್ವ್ ಮುಚ್ಚಿದಾಗ ಕೂರುವ ಅಂಚು) ಕಟ್ ಮಾಡಿ ಆಮೇಲೆ ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ) ಬದಲಿಸಿದರು. ಗೈಡ್ ಬದಲಾದರೆ ಸೆಂಟರ್ ಬದಲಾಗುತ್ತದೆ ಅಲ್ವಾ? ವಾಲ್ವ್ ಒಂದೇ ಪಕ್ಕ ಕೂತಿತು. ಎಷ್ಟು ಉಜ್ಜುವ ಪೇಸ್ಟ್ ಹಾಕಿ ತಿರುವಿದರೂ, ಪರೀಕ್ಷೆಗೆ ಪೋರ್ಟಿಗೆ (ವಾಲ್ವ್ ಹಿಂದಿನ ದಾರಿಗೆ) ಸುರಿದ ಪೆಟ್ರೋಲ್ ಸೋರುತ್ತಲೇ ಇತ್ತು. ಸುಮಾರು 2 ಸಾವಿರ ಹೋಯಿತು. ಅವರು ಕೊಟ್ಟ ಎಕ್ಸಾಸ್ಟ್ (ಹೊಗೆ ಹೊರಬಿಡುವ) ವಾಲ್ವ್ ಕೂಡ ಡೂಪ್ಲಿಕೇಟ್. ಮ್ಯಾಗ್ನೆಟ್ ಹಿಡಿದರೆ ತಲೆಗೇ ಗಟ್ಟಿಯಾಗಿ ಅಂಟಿಕೊಂಡಿತು! ಶಾಖ ತಡೆಯುವ ಒಳ್ಳೆ ಎಕ್ಸಾಸ್ಟ್ ವಾಲ್ವ್‌ನ ತಲೆಗೆ ಮ್ಯಾಗ್ನೆಟ್ ಅಂಟಲ್ಲ. ಕಾಂಡಕ್ಕೆ ಅಂಟಿದರೆ ಚಿಂತೆ ಇಲ್ಲ, ಎರಡು ಲೋಹ ಬೆಸೆದು ಮಾಡಿರುತ್ತಾರೆ. ಇನ್‌ಲೆಟ್ (ಪೆಟ್ರೋಲ್-ಗಾಳಿ ಒಳಬಿಡುವ) ವಾಲ್ವ್ ಪೂರ್ತಿ ಅಂಟಿದರೂ ಪರವಾಗಿಲ್ಲ. ಈಗ ಅಂಗಡಿಗೆ ಹೋಗುವಾಗ ಜೇಬಲ್ಲಿ ಮ್ಯಾಗ್ನೆಟ್ ಇದ್ದೇ ಇರುತ್ತದೆ.

ಆಮೇಲೆ ಎಲ್ಲ ನಾನೇ ನಿಂತು ಮಾಡಿಸಿದೆ. ಹೆಡ್‌ನ ತೂತು ಸವೆದು ರೆಡಿಮೇಡ್ ಗೈಡ್ ಸಡಿಲ ಆಗುತ್ತಿತ್ತು, ಅದಕ್ಕೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಲೇಥ್‌ನಲ್ಲಿ ತೂತಿನ ಅಳತೆಗೆ ಬೀಡಿನ (ಕಾಸ್ಟ್ ಐರನ್) ಗೈಡ್ ಹೊಡೆಸಿದೆ, ಜೋಡಿಗೆ 700 ರೂಪಾಯಿ ಇರಬೇಕು. ಕಂಚಿನದು ಮಾಡಿಸಿ ಅಂದವರು ಬಹಳ ಜನ. ಬೆಲೆ ಡಬಲ್, ಈ ಇಂಜಿನ್‌ಗೆ ಬೀಡೇ ಸಾಕು. ಹೆಡ್ಡನ್ನು ರೊಟ್ಟಿ ಹಂಚಿನ ಹಾಗೆ ಕಾಯಿಸಬೇಕು, ನೀರು ಹನಿಸಿದರೆ ಚುರ್ ಅನ್ನಬೇಕು. ಆಗ ಗೈಡ್ ಸುತ್ತಿಗೆ ಪೆಟ್ಟಿಲ್ಲದೆ ಇಳಿಯುತ್ತದೆ. ಹೊರ ಅಳತೆ ತೂತಿಗಿಂತ ಎಷ್ಟು ಥೌ (ಇಂಚಿನ ಸಾವಿರದ ಒಂದು ಭಾಗ) ಜಾಸ್ತಿ ಇಟ್ಟೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ತಣ್ಣಗಾದ ಮೇಲೆ ರೀಮರ್‌ನಿಂದ ಗೈಡ್‌ನ ಒಳ ತೂತು ಸರಿ ಮಾಡಿಸಿ, ಆಮೇಲೆ ಗೈಡ್ ಒಳಗೇ ಪೈಲಟ್ (ಕಟರ್ ಸೆಂಟರ್‌ನಲ್ಲಿ ಹಿಡಿಯುವ ಕಡ್ಡಿ) ಇಟ್ಟು 45 ಡಿಗ್ರಿ ಸೀಟ್ ಕಟ್ ಮಾಡಿಸಿದೆ. ಎಕ್ಸಾಸ್ಟ್ ಸೀಟ್ ಸ್ವಲ್ಪ ಅಗಲ ಬಿಟ್ಟೆ, 2 ಮಿ.ಮೀ. ಹತ್ತಿರ. ವಾಲ್ವ್‌ನ ಶಾಖ ಹೊರಗೆ ಹೋಗುವುದು ಅಲ್ಲಿಂದಲೇ.

ನಡುವೆ ವಾಲ್ವ್ ಮುಚ್ಚುವ ಸ್ಪ್ರಿಂಗ್‌ಗಳ ಹುಚ್ಚು ಹಿಡಿಯಿತು. ಡ್ರಿಲ್ ಸ್ಟ್ಯಾಂಡ್ ಕೆಳಗೆ ತೂಕದ ಯಂತ್ರ ಇಟ್ಟು, ಎಲ್ಲ ಸ್ಪ್ರಿಂಗ್‌ಗಳನ್ನೂ ಒಂದೇ ಎತ್ತರಕ್ಕೆ ಒತ್ತಿ ನೋಡಿದೆ. ಒಂದೇ ಪ್ಯಾಕೆಟ್‌ನ ಹೊಸ ಸ್ಪ್ರಿಂಗ್‌ಗಳಲ್ಲೇ 3-4 ಕೆ.ಜಿ. ವ್ಯತ್ಯಾಸ! ಮೂರು ಸೆಟ್ ತಂದು ಹೊಂದುವ ಜೋಡಿ ಆರಿಸಿದೆ. ಉಳಿದವು ಗೆಳೆಯರ ಗಾಡಿಗೆ ಹೋದವು.

ವಾಲ್ವ್ ಸೇರಿ ಎಲ್ಲ ಲೆಕ್ಕ ಹಾಕಿದರೆ, ಮೊದಲು ಹಾಳಾದ ದುಡ್ಡು ಬಿಟ್ಟು, 4 ಸಾವಿರದ ಮೇಲೆ ಸ್ವಲ್ಪ. ಗೋವಾ ಕಡೆಯಿಂದ ಚೋರ್ಲಾ ಘಾಟ್‌ನಲ್ಲಿ ಇಬ್ಬರು ಕೂತು ಹತ್ತಿದೆವು, ಹೊಗೆ ಇಲ್ಲ, ಟಿಕ್ ಟಿಕ್ ಇಲ್ಲ. "ಸೀಟ್ ಸವೆಯದಂತೆ ಕಾಯುತ್ತಿದ್ದ ಸೀಸದ ಪೆಟ್ರೋಲ್ 2000ಕ್ಕೇ ಹೋಯ್ತು, ಹಳೆ ಸೀಟ್ ಉಳಿಯಲ್ಲ" ಅಂದವರೂ ಇದ್ದರು. ಸೀಟ್ ಸವೆದು ವಾಲ್ವ್ ಒಳಗೆ ಸರಿದರೆ ಟ್ಯಾಪೆಟ್ (ವಾಲ್ವ್ ತಳ್ಳುವ ಭಾಗಗಳ ನಡುವಿನ ಸಂದು) ಬಿಗಿಯಾಗಬೇಕು. 3 ಸಾವಿರ ಕಿ.ಮೀ. ಓಡಿದ ಮೇಲೂ, ಇಂಜಿನ್ ತಣ್ಣಗಿದ್ದಾಗ ವಾಲ್ವ್ ತೆರೆಯಲು ತಳ್ಳುವ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗುತ್ತದೆ, ಸಂದು ಸರಿಪಡಿಸುವ ಅಡ್ಜಸ್ಟರ್ ಮುಟ್ಟಿಲ್ಲ.