ಶಾಲೆಯಲ್ಲಿ ಪುಸ್ತಕದ ಹಬ್ಬ: ಬೀರುವಿನ ಬೀಗ ತೆಗೆಯುವುದರಿಂದ ಆರಂಭಿಸಿ

ಪ್ರಾಥಮಿಕ ಶಾಲೆಯಲ್ಲಿ ಪುಸ್ತಕದ ಕಾರ್ಯಕ್ರಮವೆಂದರೆ ಶಾಮಿಯಾನ, ಬ್ಯಾನರು, ಹಾರ, ಮುಖ್ಯ ಅತಿಥಿಗಳ ಭಾಷಣ ಮತ್ತು ವಂದನಾರ್ಪಣೆ ಎಂಬುದು ರೂಢಿಯಾಗಿಬಿಟ್ಟಿದೆ. ಭಾಷಣಗಳು ಮುಗಿಯುವ ಹೊತ್ತಿಗೆ ಊಟದ ಗಂಟೆ ಹೊಡೆಯುತ್ತದೆ. ಮೇಜಿನ ಮೇಲೆ ಅಂದವಾಗಿ ಜೋಡಿಸಿದ್ದ ಪುಸ್ತಕಗಳು ಒಂದು ಮಗುವಿನ ಕೈಯನ್ನೂ ಮುಟ್ಟದೆ ಬೀರುವಿಗೆ ಮರಳುತ್ತವೆ. ಪ್ರತಿ ಮಗುವೂ ಒಂದು ಪುಸ್ತಕ ತೆರೆದು ಓದುವ, ಒಂದು ಕಥೆ ಕೇಳುವ ಮತ್ತು ಒಂದು ಪುಸ್ತಕವನ್ನು ಮನೆಗೆ ಒಯ್ಯುವ ಹಬ್ಬಕ್ಕೆ ಇವುಗಳಲ್ಲಿ ಯಾವುದೂ ಬೇಕಿಲ್ಲ. ಅದಕ್ಕೆ ಬೇಕಾಗಿರುವುದು ಸುಮಾರು ಮೂರು ವಾರಗಳ ಸಿದ್ಧತೆ. ಅರವತ್ತರಿಂದ ಎಂಬತ್ತು ಮಕ್ಕಳು, ಮೂರು ನಾಲ್ಕು ಶಿಕ್ಷಕರು ಇರುವ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಸಿದ್ಧತೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ದಿನದ ಆಯ್ಕೆ

ಯುನೆಸ್ಕೊ 1995ರಲ್ಲಿ ಘೋಷಿಸಿದ ವಿಶ್ವ ಪುಸ್ತಕ ದಿನ ಏಪ್ರಿಲ್ 23ರಂದು ಬರುತ್ತದೆ. ಆ ವೇಳೆಗೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗಿರುತ್ತದೆ. ಏಪ್ರಿಲ್ 2ರ ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ ಪರೀಕ್ಷೆ ಮತ್ತು ಫಲಿತಾಂಶದ ಗಡಿಬಿಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಮಗೆ ಹೊಂದುವುದು ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಮೊದಲ ದಿನವೇ ಮಕ್ಕಳ ದಿನಾಚರಣೆ ಇರುವುದರಿಂದ ಆ ದಿನಕ್ಕೆ ಬೇರೆ ಕಾರ್ಯಕ್ರಮಗಳು ನಿಗದಿಯಾಗಿರುತ್ತವೆ. ಆದ್ದರಿಂದ ಪುಸ್ತಕದ ಹಬ್ಬವನ್ನು ತಿಂಗಳ ಮೂರನೇ ಶನಿವಾರ ಬರುವ, ಬ್ಯಾಗಿಲ್ಲದ ದಿನವಾದ ಸಂಭ್ರಮ ಶನಿವಾರಕ್ಕೆ ಇಟ್ಟುಕೊಳ್ಳುವುದು ಉತ್ತಮ. ಮೂರನೇ ಶನಿವಾರ 15ರಿಂದ 21ರ ಒಳಗೆ ಬೀಳುವುದರಿಂದ, ಬಹುತೇಕ ವರ್ಷಗಳಲ್ಲಿ ಅದು ಸಪ್ತಾಹದೊಳಗೇ ಬರುತ್ತದೆ.

ಆದರೆ ನವೆಂಬರ್ ಎಂದರೆ ಈ ಭಾಗದಲ್ಲಿ ರಾಗಿ ಕೊಯ್ಲಿನ ಕಾಲವೂ ಹೌದು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುವ ದಿನ ಬಂದರೆ ಯಾರೂ ಮನೆ ಬಿಟ್ಟು ಕದಲುವಂತಿಲ್ಲ. ಹೀಗಾಗಿ ದೊಡ್ಡವರು ಭಾಗವಹಿಸುವ ಭಾಗವನ್ನು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವ ಹೊತ್ತಿಗೇ ಇಟ್ಟು, ಒಂದು ಗಂಟೆಯೊಳಗೆ ಮುಗಿಸಬೇಕು. ಆಮಂತ್ರಣಪತ್ರ ಮುದ್ರಿಸುವ ಅಗತ್ಯವಿಲ್ಲ. ಮಕ್ಕಳು ಕೈಯಲ್ಲಿ ಬರೆದು ಬಣ್ಣ ಹಚ್ಚಿದ ಹಾಳೆಯೊಂದನ್ನು ಡೇರಿಯ ಗೋಡೆಗೆ ಅಂಟಿಸಿದರೆ ಊರಿನ ಹೆಚ್ಚಿನ ಮನೆಗಳಿಗೆ ಎರಡೇ ದಿನದಲ್ಲಿ ಸುದ್ದಿ ತಲುಪುತ್ತದೆ.

ಪುಸ್ತಕಗಳ ಲೆಕ್ಕ

ಮೂರು ವಾರ ಮೊದಲು ಬೀರುವನ್ನು ಪೂರ್ತಿ ಖಾಲಿ ಮಾಡಿ, ಪುಸ್ತಕಗಳನ್ನು ನೆಲದ ಮೇಲೆ ಹರಡಿ. ದಾನಿಗಳು ಕೊಟ್ಟ ಹಳೆಯ ಗೈಡುಗಳು, ಸ್ಪರ್ಧಾತ್ಮಕ ಪರೀಕ್ಷೆಯ ಮಾಸಪತ್ರಿಕೆಗಳು, ದೊಡ್ಡವರಿಗಾಗಿ ಬರೆದ ಪ್ರವಚನ ಸಂಗ್ರಹಗಳು ಮೊದಲು ಬೇರೆಯಾಗಲಿ. ಉಳಿದವನ್ನು ನಾಲ್ಕು ಗುಂಪು ಮಾಡಬಹುದು: ಪುಟಕ್ಕೆ ಒಂದೆರಡು ಸಾಲಿರುವ ಚಿತ್ರಪುಸ್ತಕಗಳು, ಸಣ್ಣ ವಾಕ್ಯಗಳ ಕಥೆಗಳು, ಉದ್ದನೆಯ ಕಥೆಗಳು ಮತ್ತು ಹಕ್ಕಿ, ಹುಳು, ಗ್ರಹ, ಯಂತ್ರಗಳ ಬಗೆಗಿನ ಮಾಹಿತಿ ಪುಸ್ತಕಗಳು. ಅರವತ್ತು ಮಕ್ಕಳಿದ್ದರೆ ಅರವತ್ತು ಪುಸ್ತಕ ಸಾಲದು. ಕೊನೆಯಲ್ಲಿ ಬರುವ ಮಗುವಿಗೂ ಆರಿಸಿಕೊಳ್ಳಲು ಏನಾದರೂ ಉಳಿದಿರಬೇಕಾದರೆ ಎಂಬತ್ತರಿಂದ ನೂರರಷ್ಟಾದರೂ ಬೇಕಾಗುತ್ತವೆ. ಸಾಮಾನ್ಯವಾಗಿ ಮೊದಲ ಗುಂಪಿನಲ್ಲೇ ಕೊರತೆ ಕಾಣುತ್ತದೆ.

ಆ ಕೊರತೆಯನ್ನು ತುಂಬಿಸಲು ಮೂರು ದಾರಿಗಳಿವೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯು 1ರಿಂದ 5ನೇ ತರಗತಿಯ ಶಾಲೆಗಳ ಗ್ರಂಥಾಲಯಕ್ಕೆ ವರ್ಷಕ್ಕೆ 5,000 ರೂಪಾಯಿವರೆಗೆ ಅವಕಾಶ ಕೊಡುತ್ತದೆ. ಆ ಮೊತ್ತ ಬಂದಾಗ 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್‌ನಂತಹ ಸಂಸ್ಥೆಗಳ ಕಡಿಮೆ ಬೆಲೆಯ ಕನ್ನಡ ಚಿತ್ರಪುಸ್ತಕಗಳನ್ನು ಕೊಳ್ಳಬಹುದು. ಎರಡನೆಯದು ಗ್ರಾಮ ಪಂಚಾಯಿತಿ ಗ್ರಂಥಾಲಯ. ‘ಓದುವ ಬೆಳಕು’ ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಗುವುದರಿಂದ, ಗ್ರಂಥಾಲಯದ ಮೇಲ್ವಿಚಾರಕರನ್ನು ಹಬ್ಬದ ದಿನ ಅರ್ಜಿಗಳ ಸಮೇತ ಶಾಲೆಗೇ ಕರೆಸಿದರೆ ನೋಂದಣಿಯೂ ಆಗುತ್ತದೆ, ಒಂದಷ್ಟು ಪುಸ್ತಕಗಳು ಎರವಲಾಗಿಯೂ ಬರುತ್ತವೆ. ಮೂರನೆಯದು ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣ. ಅಲ್ಲಿನ ಕಥೆಗಳು ಮುಕ್ತ ಪರವಾನಗಿಯಲ್ಲಿ ಇರುವುದರಿಂದ, ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರನ್ನು ಉಳಿಸಿಕೊಂಡು ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಿರುವುದರಿಂದ ಆಯ್ಕೆಯೂ ಸುಲಭ. ತಾಲ್ಲೂಕು ಕೇಂದ್ರದ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪಿನಲ್ಲಿ ತೆಗೆಸಿ, ನಡುವೆ ಪಿನ್ ಹೊಡೆದರೆ ಪುಸ್ತಕ ಸಿದ್ಧ. ಬಣ್ಣ ಮಕ್ಕಳೇ ತುಂಬುತ್ತಾರೆ, ಮತ್ತು ತಾವು ಬಣ್ಣ ಹಚ್ಚಿದ ಪುಸ್ತಕವನ್ನು ಹೆಚ್ಚು ಜೋಪಾನ ಮಾಡುತ್ತಾರೆ.

ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸ

ಹಬ್ಬದ ಯಶಸ್ಸು ಹೆಚ್ಚಾಗಿ ಈ ಹಂತವನ್ನೇ ಅವಲಂಬಿಸಿದೆ. ಶಿಕ್ಷಕರು ಕುರ್ಚಿಯಲ್ಲಿ ಕೂತು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಓದಿದರೆ ಮಕ್ಕಳಿಗೆ ಕಾಣುವುದು ರಕ್ಷಾಪುಟ ಮಾತ್ರ. ಮಕ್ಕಳು ಅರ್ಧ ವೃತ್ತದಲ್ಲಿ ಕೂರಲಿ. ಓದುವವರು ಅವರ ಎತ್ತರಕ್ಕೇ ಕೂತು, ಪುಸ್ತಕವನ್ನು ಪಕ್ಕಕ್ಕೆ ಚಾಚಿ ಹಿಡಿದು, ಚಿತ್ರ ಎಲ್ಲರಿಗೂ ಕಂಡ ಮೇಲೆಯೇ ಪುಟ ತಿರುಗಿಸಬೇಕು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕಲಿಯುವ ನಲಿಕಲಿ ತರಗತಿಗಳಲ್ಲಿ ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದುವುದು ಒಳ್ಳೆಯದು. ಇಡೀ ಕಥೆಯಲ್ಲಿ ಒಂದೆರಡು ಕಡೆ ಮಾತ್ರ ನಿಲ್ಲಿಸಿ, ಮುಂದೇನಾಗಬಹುದೆಂದು ಕೇಳಬೇಕು. ಕಥೆ ಮುಗಿದ ಕೂಡಲೇ ‘ಇದರ ನೀತಿ ಏನು?’ ಎಂದು ಕೇಳುವ ಚಾಳಿಯನ್ನು ಆ ಒಂದು ದಿನವಾದರೂ ಬಿಟ್ಟುಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಪ್ರಶ್ನೆ ಬಂದೊಡನೆ ಮಕ್ಕಳಿಗೆ ಕಥೆ ಮರೆತು ಪರೀಕ್ಷೆ ನೆನಪಾಗುತ್ತದೆ. ಮತ್ತೊಮ್ಮೆ ಓದಿ ಎಂದು ಮಕ್ಕಳು ಕೇಳಿದರೆ ಅದೇ ಕಥೆಯನ್ನು ಮತ್ತೊಮ್ಮೆ ಓದಿದರಾಯಿತು.

ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ಒಂದು ಮತ್ತು ಎರಡನೇ ತರಗತಿಯವರಿಗೆ ಓದಿ ಹೇಳುವ ಜೋಡಿಗಳನ್ನು ಇದೇ ವೇಳೆಗೆ ರಚಿಸಬೇಕು. ಪ್ರತಿ ದೊಡ್ಡ ಮಗುವಿಗೂ ಒಂದೇ ಪುಸ್ತಕ ಕೊಟ್ಟು, ಒಂದು ವಾರ ದಿನಕ್ಕೆ ಹತ್ತು ನಿಮಿಷ ಅದನ್ನೇ ಓದಿಸಬೇಕು. ಐದನೇ ತರಗತಿಗೆ ಬಂದರೂ ತಡವರಿಸಿ ಓದುವ ಮಗುವಿಗೆ ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಅವಮಾನವೆನಿಸುತ್ತದೆ. ಪುಟ್ಟ ತಂಗಿಗೋ ತಮ್ಮನಿಗೋ ಓದಿ ಹೇಳುವ ಜವಾಬ್ದಾರಿಯಾಗಿ ಅದೇ ಪುಸ್ತಕ ಕೈಗೆ ಬಂದಾಗ ಆ ಸಂಕೋಚ ಇರುವುದಿಲ್ಲ. ಓದಿನಲ್ಲಿ ಹಿಂದುಳಿದವರನ್ನು ಈ ಜೋಡಿಗಳಿಂದ ಹೊರಗಿಟ್ಟು, ಚೆನ್ನಾಗಿ ಓದುವ ನಾಲ್ಕು ಮಕ್ಕಳನ್ನೇ ಮುಂದೆ ಮಾಡಿದರೆ ಹಬ್ಬ ಪ್ರದರ್ಶನವಾಗುತ್ತದೆ.

ಮನೆಯ ಮಾತಿನ ಕಥೆ, ಶಾಲೆಯ ಪುಸ್ತಕ

ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳ ಬಹಳಷ್ಟು ಮಕ್ಕಳು ಮನೆಯಲ್ಲಿ ತೆಲುಗು ಮಾತನಾಡುತ್ತಾರೆ. ಕೆಜಿಎಫ್ ಕಡೆ ತಮಿಳು, ಪಟ್ಟಣಗಳ ಅನೇಕ ಮನೆಗಳಲ್ಲಿ ಉರ್ದು ಇದೆ. ಇದನ್ನು ಕನ್ನಡ ಓದಿಗೆ ತೊಡಕೆಂದು ಎಣಿಸುವವರಿದ್ದಾರೆ. ಹಬ್ಬದ ಮಟ್ಟಿಗಾದರೂ ಇದನ್ನೇ ಬಂಡವಾಳ ಮಾಡಿಕೊಳ್ಳಬಹುದು, ಮತ್ತು ಅದಕ್ಕೆ ಖರ್ಚಿಲ್ಲ.

ಎರಡು ವಾರ ಮೊದಲು ಪ್ರತಿ ಮಗುವಿಗೂ ಮನೆಯಲ್ಲಿ ಅಜ್ಜಿ ಅಥವಾ ತಾತನಿಂದ ಒಂದು ಕಥೆ ಕೇಳಿಕೊಂಡು ಬರಲು ಹೇಳಬೇಕು. ಮರುದಿನ ಮಗು ಅದನ್ನು ತರಗತಿಯಲ್ಲಿ ಬಂದ ಮಾತಿನಲ್ಲೇ ಹೇಳಲಿ. ಬೇರೆ ಜಿಲ್ಲೆಯಿಂದ ಬಂದ ಶಿಕ್ಷಕರಿಗೆ ತೆಲುಗು ಬಾರದಿದ್ದರೆ ದೊಡ್ಡ ತರಗತಿಯ ಮಗುವೊಂದು ಕನ್ನಡದಲ್ಲಿ ತಿಳಿಸುತ್ತದೆ. ಶಿಕ್ಷಕರು ಅದನ್ನು ಕರಿಹಲಗೆಯ ಮೇಲೆ ಏಳೆಂಟು ಸರಳ ಕನ್ನಡ ವಾಕ್ಯಗಳಲ್ಲಿ ಬರೆದು, ಮಗುವಿಗೇ ಓದಿ ತೋರಿಸಿ, ‘ನೀನು ಹೇಳಿದ್ದು ಇದೇ ತಾನೆ?’ ಎಂದು ಕೇಳಿ ತಿದ್ದಬೇಕು. ತನ್ನ ಕಥೆಯ ವಾಕ್ಯಗಳ ಅರ್ಥ ಮಗುವಿಗೆ ಮೊದಲೇ ತಿಳಿದಿರುವುದರಿಂದ ಅಕ್ಷರಗಳನ್ನು ಕೂಡಿಸಿ ಓದುವ ಕಷ್ಟ ಅರ್ಧ ಕಡಿಮೆಯಾಗುತ್ತದೆ.

ಈ ವಾಕ್ಯಗಳನ್ನು ಒಂದೇ ಹಾಳೆಯಿಂದ ಮಾಡುವ ಎಂಟು ಪುಟದ ಪುಸ್ತಕಕ್ಕೆ ಇಳಿಸಬಹುದು. ದೊಡ್ಡ ಹಾಳೆಯೊಂದನ್ನು ಉದ್ದುದ್ದಕ್ಕೆ ಅರ್ಧ ಮಡಚಿ ಬಿಚ್ಚಬೇಕು. ಬಳಿಕ ಅಡ್ಡಲಾಗಿ ಅರ್ಧ, ಪುನಃ ಅರ್ಧ ಮಡಚಿ ಬಿಚ್ಚಿದರೆ ಎಂಟು ಚೌಕಗಳು ಮೂಡುತ್ತವೆ. ಮತ್ತೆ ಅಡ್ಡಲಾಗಿ ಅರ್ಧ ಮಾತ್ರ ಮಡಚಿಟ್ಟು, ಮಡಿಕೆಯಿರುವ ಬದಿಯಿಂದ ನಡುಗೆರೆಯ ಮೇಲೆ ಮುಂದಿನ ಗೆರೆ ಸಿಗುವವರೆಗೆ ಕತ್ತರಿಸಬೇಕು. ಹಾಳೆ ಬಿಚ್ಚಿದಾಗ ನಟ್ಟನಡುವೆ ಸೀಳು ಕಾಣುತ್ತದೆ. ಈಗ ಉದ್ದುದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿದರೆ ಸೀಳು ಬಾಯಿ ತೆರೆದು ಪುಟಗಳು ತಾವಾಗಿಯೇ ಒಂದರ ಹಿಂದೊಂದು ಕೂಡಿಕೊಳ್ಳುತ್ತವೆ. ಇದರಲ್ಲಿ ಹಾಳೆಯ ಒಂದು ಬದಿ ಮಾತ್ರ ಬಳಕೆಯಾಗುವುದರಿಂದ ಇಲಾಖೆಯಿಂದ ಬಂದ ಹಳೆಯ ಪೋಸ್ಟರುಗಳ ಹಿಂಬದಿ ಸಾಕು. ರಕ್ಷಾಪುಟದ ಮೇಲೆ ಕಥೆ ಹೇಳಿದ ಅಜ್ಜಿಯ ಹೆಸರು ಮತ್ತು ಬರೆದು ಚಿತ್ರ ಬಿಡಿಸಿದ ಮಗುವಿನ ಹೆಸರು ಎರಡೂ ಇರಲಿ. ಹಾಗೆಯೇ ಈ ಪುಸ್ತಕಗಳನ್ನು ಗ್ರಂಥಾಲಯದ ದಾಸ್ತಾನು ವಹಿಯಲ್ಲಿ ಕ್ರಮಸಂಖ್ಯೆ ಕೊಟ್ಟು ದಾಖಲಿಸಿ. ತಪಾಸಣೆಗೆ ಬಂದ ಅಧಿಕಾರಿಗಳು ಹುಬ್ಬೇರಿಸಿದರೂ ಚಿಂತೆಯಿಲ್ಲ.

ಹಿರಿಯ ಪ್ರಾಥಮಿಕ ಶಾಲೆಯಾಗಿದ್ದರೆ ನಮ್ಮ ನೆಲದ ಬರಹಗಾರರಿಗಾಗಿ ಒಂದು ಮೂಲೆ ಇಡಬಹುದು. 1983ರ ಜ್ಞಾನಪೀಠ ಪುರಸ್ಕೃತರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮಾಲೂರು ತಾಲ್ಲೂಕಿನ ಮಾಸ್ತಿಯವರು, 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪ ಮುಳಬಾಗಿಲಿನವರು, ಶಿಕ್ಷಣ ತಜ್ಞ ಎಚ್. ನರಸಿಂಹಯ್ಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಒಂದರಿಂದ ಮೂರನೇ ತರಗತಿಯವರಿಗೆ ಇದರ ಅಗತ್ಯವಿಲ್ಲ.

ಆ ದಿನದ ಬೆಳಿಗ್ಗೆ

ಪ್ರಾರ್ಥನೆಯ ನಂತರ ಉದ್ಘಾಟನೆ ಹತ್ತು ನಿಮಿಷ ಮೀರಬಾರದು. ಪಂಚಾಯಿತಿ ಸದಸ್ಯರೋ ಶಾಸಕರೋ ಬಂದರೆ ಮೈಕಿನ ಬದಲು ಒಂದು ಚಿತ್ರಪುಸ್ತಕ ಕೈಗಿತ್ತು, ಎರಡನೇ ತರಗತಿಯ ಮಕ್ಕಳಿಗೆ ಓದಿ ಹೇಳುವಂತೆ ವಿನಂತಿಸಿಕೊಳ್ಳಿ; ಹೆಚ್ಚಿನವರು ಸಂತೋಷದಿಂದಲೇ ಒಪ್ಪುತ್ತಾರೆ, ಭಾಷಣವೂ ತಪ್ಪುತ್ತದೆ. ಬಳಿಕ ಇಬ್ಬರು ಮೂವರು ಅಜ್ಜಿಯರು ಜಗಲಿಯಲ್ಲೋ ಮರದ ನೆರಳಲ್ಲೋ ಕೂತು ತಮ್ಮ ಕಥೆಯನ್ನು ತಮ್ಮ ಮಾತಿನಲ್ಲೇ ಹೇಳಲಿ, ಅದರ ಬೆನ್ನಿಗೆ ಮೊಮ್ಮಗು ಅದೇ ಕಥೆಯ ಕನ್ನಡ ಪುಸ್ತಕವನ್ನು ಓದಲಿ. ಅಕ್ಷರ ಬಾರದ ತಂದೆತಾಯಿಯರನ್ನು ಹಿಂದಿನ ಸಾಲಿನಲ್ಲಿ ಕೂರಿಸದೆ ಮಗುವಿನ ಪಕ್ಕದಲ್ಲಿ ಕೂರಿಸಿ. ಮಗುವೇ ಅವರಿಗೆ ಓದಿ ಹೇಳುತ್ತದೆ.

ದೊಡ್ಡವರು ಹೊರಟ ಮೇಲೆ ಜೋಡಿ ಓದು, ಶಿಕ್ಷಕರ ಕಥೆ, ಮತ್ತು ಕೊನೆಗೆ ಹದಿನೈದು ನಿಮಿಷ ಇಡೀ ಶಾಲೆ ಮೌನವಾಗಿ ಓದುವ ಹೊತ್ತು. ಆ ಹದಿನೈದು ನಿಮಿಷ ಮುಖ್ಯ ಶಿಕ್ಷಕರೂ ಅಡುಗೆ ಸಿಬ್ಬಂದಿಯೂ ಕೈಯಲ್ಲಿ ಪುಸ್ತಕ ಹಿಡಿದಿರಬೇಕು, ಮೊಬೈಲು ಮೇಜಿನ ಖಾನೆಯಲ್ಲಿರಬೇಕು. ಸ್ಪರ್ಧೆ, ಬಹುಮಾನಗಳು ಬೇಡ. ಅದಕ್ಕೆ ಇಲಾಖೆ ನಡೆಸುವ ಪ್ರತಿಭಾ ಕಾರಂಜಿ ಸ್ಪರ್ಧೆಗಳು ಇದ್ದೇ ಇವೆ. ಶಾಲೆಯಲ್ಲಿ ಮಕ್ಕಳಿಗೆ ಹಾಲು ಕೊಡುವ ವೇಳೆಗೆ, ಚೆಲ್ಲಿ ನೆನೆಯದಂತೆ, ಪುಸ್ತಕಗಳೆಲ್ಲ ಚಾಪೆಯಿಂದ ಮೇಜಿಗೇರಿರಲಿ.

ಮನೆಗೆ ಹೋಗುವ ಪುಸ್ತಕ

ಕೊನೆಯ ಅರ್ಧ ಗಂಟೆ ಪುಸ್ತಕ ಎರವಲು ಕೊಡಲು ಮೀಸಲು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳು ಇರುವುದು ಬಳಕೆಗಾಗಿ ಎಂಬುದು. ನಮ್ಮ ಶಾಲೆಗಳಲ್ಲಿ ಅದಕ್ಕೆ ಅಡ್ಡ ಬರುವುದು ಶಿಕ್ಷಕರ ನಿರಾಸಕ್ತಿಗಿಂತ ಹೆಚ್ಚಾಗಿ ಪುಸ್ತಕ ಕಳೆದರೆ ಲೆಕ್ಕ ಕೊಡಬೇಕೆಂಬ ಭಯ. ಆದ್ದರಿಂದ ಹಬ್ಬಕ್ಕೆ ಮೊದಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ವಿಷಯವನ್ನಿಟ್ಟು, ಮಕ್ಕಳ ಬಳಕೆಯಲ್ಲಿ ಹರಿದ ಅಥವಾ ಕಳೆದ ಪುಸ್ತಕಗಳಿಗೆ ಮಗುವಿನಿಂದ ದಂಡ ವಸೂಲು ಮಾಡುವುದಿಲ್ಲವೆಂದೂ, ಅಂಥವುಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಭೆಯ ಮುಂದಿಡಲಾಗುವುದೆಂದೂ ನಡಾವಳಿಯಲ್ಲಿ ಬರೆಸಿಕೊಳ್ಳಬೇಕು.

ಎರವಲು ವಹಿಯಲ್ಲಿ ಮಗುವಿನ ಹೆಸರು, ಪುಸ್ತಕದ ಸಂಖ್ಯೆ, ಒಯ್ದ ಮತ್ತು ತಂದ ದಿನಾಂಕ ಇಷ್ಟು ಕಲಂಗಳು ಸಾಕು. ಬರೆಯುವ ಕೆಲಸ ಐದನೇ ತರಗತಿಯ ಇಬ್ಬರದು, ತಿಂಗಳಿಗೊಮ್ಮೆ ಬದಲಾಗುವಂತೆ. ಸೋಮವಾರ ಮರಳಿ ಬಂದ ಪುಸ್ತಕಗಳಲ್ಲಿ ಹರಿದವನ್ನು ಬೇರೆ ಇಟ್ಟು, ಶನಿವಾರದ ಕೊನೆಯ ಅವಧಿಯಲ್ಲಿ ಮೈದಾ ಅಂಟು ಮತ್ತು ತೆಳು ಕಾಗದದಿಂದ ಮಕ್ಕಳಿಂದಲೇ ದುರಸ್ತಿ ಮಾಡಿಸಬಹುದು. ಸೆಲೋಟೇಪು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಕಾಗದವನ್ನೇ ಕಿತ್ತುಕೊಂಡು ಬರುತ್ತದೆ. ಮೈದಾ ಕುದಿಸುವಾಗ ಚಿಟಿಕೆ ಮೈಲುತುತ್ತು ಹಾಕುವ ಹಳೆಯ ರೂಢಿ ಮಕ್ಕಳಿರುವಲ್ಲಿ ಬೇಡ, ಅದು ವಿಷ. ಅಂಟನ್ನು ಆಯಾ ವಾರಕ್ಕೆ ಬೇಕಾದಷ್ಟೇ ಕಾಯಿಸಿಕೊಂಡರೆ ಹುಳು ಹಿಡಿಯುವ ಪ್ರಶ್ನೆಯೇ ಬರುವುದಿಲ್ಲ.