ಸ್ಕಿನ್ ಎಫೆಕ್ಟ್ ನೋಡೋಕೆ ಎರಡು ಕಾಯಿಲ್, ಮೂರು ಅಲ್ಯೂಮಿನಿಯಂ ಶೀಟ್ ಸಾಕು

ಹೈ ಫ್ರೀಕ್ವೆನ್ಸಿ ಎಸಿ ಕರೆಂಟ್ ಲೋಹದ ಒಳಗೆ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ, ಇದೇ ಸ್ಕಿನ್ ಎಫೆಕ್ಟ್ ಅಂತ ಎಲ್ಲರೂ ಓದಿರುತ್ತೇವೆ, ಕಣ್ಣಾರೆ ನೋಡಿದವರು ಕಡಿಮೆ. ಶಿವಮೊಗ್ಗದ ಯಾವುದೇ ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಹುದು.

ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ತಿರ ಎನಾಮಲ್ ತಂತಿ ಕೇಳಿ. 0.3 ಮಿ.ಮೀ. ತಂತಿಯನ್ನು 4 ಸೆಂ.ಮೀ. ವ್ಯಾಸದ ಪಿವಿಸಿ ಪೈಪಿನ ತುಂಡಿಗೆ 100 ಸುತ್ತು ಸುತ್ತಿ, ಇಂಥವು ಎರಡು. ಒಂದಕ್ಕೆ ಬೇಕಾದ ಫ್ರೀಕ್ವೆನ್ಸಿಯ ಎಸಿ ಕೊಡುವ ಸಿಗ್ನಲ್ ಜನರೇಟರ್, ಇನ್ನೊಂದಕ್ಕೆ ಬಂದ ಸಿಗ್ನಲ್ಲನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್. ಎರಡನ್ನೂ ಎದುರುಬದುರು ಅಲುಗಾಡದಂತೆ ಕೂರಿಸಿ, ನಡುವೆ 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಶೀಟ್ ತೂರಿಸಿ. ಶೀಟ್ ದೊಡ್ಡದಿರಲಿ, 30 ಸೆಂ.ಮೀ. ಚೌಕ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಂಚಿನಿಂದ ಸುತ್ತಿಕೊಂಡು ಬರುವ ಕಾಂತಕ್ಷೇತ್ರವೇ ಲೆಕ್ಕ ಕೆಡಿಸುತ್ತದೆ.

ಸ್ಕೋಪ್ ಇಲ್ವಾ? ಲ್ಯಾಪ್‌ಟಾಪಿನ ಮೈಕ್ ಇನ್‌ಪುಟ್ ಆದೀತು, ನಾಯ್ಸ್ ಸಪ್ರೆಶನ್ ಆಫ್ ಮಾಡಿ. ಸಿಗ್ನಲ್ ಜನರೇಟರ್ ಕೂಡ ಬ್ಯಾಟರಿಯದಾದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೂ ಚಿಂತೆ ಬೇಡ, ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಅಳೆದರೆ ಕರೆಂಟ್ ಲೈನಿನಿಂದ ಬರುವ 50 ಹರ್ಟ್ಸ್ ಹಮ್ (ಗದ್ದಲ) ಕೂಡ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಈಗ ಮುಖ್ಯವಾದ ಮಾತು. ಶೀಟ್ ಇಟ್ಟ ಕೂಡಲೇ ಸಿಗ್ನಲ್ ಬಿತ್ತು ಅಂದರೆ ಅದು ಸ್ಕಿನ್ ಎಫೆಕ್ಟ್ ಅಂತ ಬರೆದುಬಿಡಬೇಡಿ. ಸ್ಕಿನ್ ಡೆಪ್ತ್, ಅಂದರೆ ಲೋಹದೊಳಗೆ ಸಿಗ್ನಲ್ ಸುಮಾರು 37 ಪರ್ಸೆಂಟಿಗೆ ಇಳಿಯುವ ಆಳ, ಅದಕ್ಕಿಂತ ತೆಳುವಾದ ಶೀಟ್ ಕೂಡ ಸಿಗ್ನಲ್ ತಡೆಯಬಲ್ಲದು, ಯಾಕಂದರೆ ಅದರಲ್ಲಿ ಹುಟ್ಟುವ ಎಡ್ಡಿ ಕರೆಂಟ್ (ಲೋಹದೊಳಗೆ ಸುಳಿಯಂತೆ ಸುತ್ತುವ ಕರೆಂಟ್) ಎದುರು ಕಾಂತಕ್ಷೇತ್ರ ಕಟ್ಟುತ್ತದೆ. ನೋಡಬೇಕಾದದ್ದು ದಪ್ಪ ಹೆಚ್ಚಿಸಿದಂತೆ ಸಿಗ್ನಲ್ ಹೇಗೆ ಇಳಿಯುತ್ತದೆ ಅನ್ನುವುದನ್ನು. ಶುದ್ಧ ಅಲ್ಯೂಮಿನಿಯಂನಲ್ಲಿ ಸ್ಕಿನ್ ಡೆಪ್ತ್ 1 ಕಿಲೋಹರ್ಟ್ಸ್‌ಗೆ ಸುಮಾರು 2.6 ಮಿ.ಮೀ., 10 ಕಿಲೋಹರ್ಟ್ಸ್‌ಗೆ 0.82 ಮಿ.ಮೀ. ಹಾಗಾಗಿ 10 ಕಿಲೋಹರ್ಟ್ಸ್ ಇಟ್ಟುಕೊಂಡು ಒಂದು, ಎರಡು, ಮೂರು ಶೀಟ್ ಸೇರಿಸುತ್ತಾ ಹೋಗಿ. ಮೊದಲನೆಯದರ ನಂತರ ಪ್ರತಿ ಶೀಟಿಗೂ ಸಿಗ್ನಲ್ ಅದರ ಹಿಂದಿನ ಅಳತೆಯ ಸುಮಾರು 30 ಪರ್ಸೆಂಟಿಗೆ ಇಳಿಯಬೇಕು. ಸೆಮಿ-ಲಾಗ್ ಗ್ರಾಫ್ (ಸಿಗ್ನಲ್ ಲಾಗ್ ಅಳತೆಯಲ್ಲಿ, ದಪ್ಪ ಸಾಮಾನ್ಯ ಅಳತೆಯಲ್ಲಿ) ಹಾಕಿದರೆ ನೇರ ಗೆರೆ ಬರುತ್ತದೆ, ಅದರ ಇಳಿಜಾರಿನಿಂದಲೇ ಸ್ಕಿನ್ ಡೆಪ್ತ್ ಸಿಗುತ್ತದೆ. ಮಿಶ್ರಲೋಹದ ಶೀಟ್ ಆದರೆ ಸ್ವಲ್ಪ ಜಾಸ್ತಿ ಬರುತ್ತದೆ.

ಫ್ರೀಕ್ವೆನ್ಸಿ ಬದಲಿಸಿದಾಗಲೆಲ್ಲ ಶೀಟ್ ಇಲ್ಲದೆಯೂ ಒಮ್ಮೆ ಅಳೆದು, ಶೀಟ್ ಇಟ್ಟಾಗಿನ ಅಳತೆಯನ್ನು ಅದರಿಂದ ಭಾಗಿಸಿ. ಫ್ರೀಕ್ವೆನ್ಸಿ ಏರಿದರೆ ಕಾಯಿಲ್‌ನ ವೋಲ್ಟೇಜೂ ಬದಲಾಗುತ್ತದೆ ಅಲ್ವಾ.

ಎರಡು ಚಾನೆಲ್ ಸ್ಕೋಪ್ ಇದ್ದರೆ ಫೇಸ್, ಅಂದರೆ ಕಳಿಸಿದ ಅಲೆಗಿಂತ ಬಂದ ಅಲೆ ಎಷ್ಟು ಹಿಂದಿದೆ ಅನ್ನುವುದನ್ನು, ತಪ್ಪದೆ ನೋಡಿ, ನನಗೆ ಇದೇ ತುಂಬಾ ಇಷ್ಟವಾದ ಭಾಗ. ಒಂದು ಸ್ಕಿನ್ ಡೆಪ್ತ್ ದಾಟಿದರೆ ಅಲೆ ಸುಮಾರು 57 ಡಿಗ್ರಿ ಹಿಂದೆ ಬೀಳುತ್ತದೆ, ಶೀಟ್ ಸೇರಿಸಿದಂತೆ ಅದು ಪರದೆಯ ಮೇಲೆ ಸರಿಯುವುದು ಕಾಣುತ್ತದೆ.

ಕೊನೆಗೆ ಮ್ಯಾಗ್ನೆಟ್ ಅಂಟದ ಸ್ಟೇನ್‌ಲೆಸ್ ಸ್ಟೀಲ್ ಶೀಟ್ ಇಟ್ಟು ನೋಡಿ. ಅದರ ರೋಧ ಜಾಸ್ತಿ, 10 ಕಿಲೋಹರ್ಟ್ಸ್‌ನಲ್ಲಿ ಸ್ಕಿನ್ ಡೆಪ್ತ್ 4 ಮಿ.ಮೀ. ಆಸುಪಾಸು. ಹಾಗಾಗಿ ಅಷ್ಟೇ ದಪ್ಪದ ಅಲ್ಯೂಮಿನಿಯಂಗಿಂತ ಇದು ಸಿಗ್ನಲ್ಲನ್ನು ಎಷ್ಟೋ ಜಾಸ್ತಿ ಬಿಡುತ್ತದೆ.