ಮನೆಮಂದಿಯೆಲ್ಲ ಕುದುರೆಮುಖಕ್ಕೆ: ಹೊರಡುವ ಮೊದಲು ಪಟ್ಟಿ ಚಿಕ್ಕದಾಗಲಿ

ಬೆಂಗಳೂರಿನಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೊರಡುವ ಕುಟುಂಬಗಳು ಮನೆಯಲ್ಲಿ ಪಟ್ಟಿ ಬರೆಯುವಾಗಲೇ ಎಡವುತ್ತವೆ. ಶನಿವಾರ ಬೇಲೂರು, ಹೊರನಾಡು. ಭಾನುವಾರ ಕುದುರೆಮುಖ, ಶೃಂಗೇರಿ, ಹೊತ್ತಿದ್ದರೆ ಉಡುಪಿ! ಹೀಗೆ ಹೋದವರು ಕಾರಿನ ಕಿಟಕಿಯಿಂದಲೇ ಮಲೆನಾಡು ನೋಡಿ, ಬಸವಳಿದ ಮಕ್ಕಳೊಂದಿಗೆ ಹಿಂದಿರುಗುವುದನ್ನು ಬಹಳ ಕಂಡಿದ್ದೇನೆ. ಸುಮಾರು 600 ಚದರ ಕಿಲೋಮೀಟರಿನ ಈ ಕಾಡಿಗೆ ಮೂರು ರಾತ್ರಿ ಕೊಡಿ. ಅಷ್ಟು ರಜೆ ಇಲ್ಲವೆಂದರೆ ಸದ್ಯ ನಂದಿಬೆಟ್ಟಕ್ಕೆ ಹೋಗಿ ಬನ್ನಿ, ಇದನ್ನು ಮುಂದಿನ ರಜೆಗೆ ಇಟ್ಟುಕೊಳ್ಳಿ.

ಯಾವಾಗ, ಎಲ್ಲಿ ತಂಗುವುದು

ನವೆಂಬರಿನಿಂದ ಜನವರಿವರೆಗೆ. ಮಳೆಗಾಲದಲ್ಲಿ ಮಕ್ಕಳು, ಹಿರಿಯರೊಂದಿಗೆ ಬೇಡ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ. ಕಳಸ ಅಥವಾ ಸಂಸೆಯ ಸುತ್ತಿನ ಒಂದೇ ಹೋಂಸ್ಟೇಯಲ್ಲಿ ಮೂರು ರಾತ್ರಿಯೂ ಇರಿ. ಕಾರು ಅಂಗಳದವರೆಗೆ ಬರುತ್ತದೆಯೇ, ಶೌಚಾಲಯ ಕೋಣೆಗೆ ಹೊಂದಿಕೊಂಡಿದೆಯೇ ಎಂಬ ಎರಡನ್ನು ಫೋನಿನಲ್ಲೇ ಕೇಳಿ. ಈಜುಕೊಳದ ಚಿತ್ರ ನೋಡಿ ಮರುಳಾಗಬೇಡಿ.

ದಾರಿ

ಬೆಳಗಿನ ಐದಕ್ಕೆ ಮನೆ ಬಿಡಿ. ನೆಲಮಂಗಲ, ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಮುಟ್ಟುವವರೆಗೆ ಹೇಳುವಂಥದ್ದೇನಿಲ್ಲ. ಅಲ್ಲಿಂದ ಕಳಸದವರೆಗಿನ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ. ಕಿವಿಯೊಳಗಿನ ಸಮತೋಲನದ ಅಂಗ ‘ತಿರುಗುತ್ತಿದ್ದೇವೆ’ ಎನ್ನುವಾಗ ಮೊಬೈಲ್ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಆ ಗೊಂದಲವೇ ವಾಂತಿಗೆ ಕಾರಣ. ಆದ್ದರಿಂದ ಮೂಡಿಗೆರೆಯಲ್ಲೇ ಮಕ್ಕಳ ಕೈಯಿಂದ ಮೊಬೈಲ್ ತೆಗೆದುಕೊಳ್ಳಿ. ವಾಕರಿಕೆಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ತಿರುವು ಶುರುವಾಗುವ ಮೊದಲೇ ಕೊಡಬೇಕು. ವಾಂತಿಯಾದ ಮೇಲೆ ಕೊಟ್ಟರೆ ಅದೂ ಹೊರಗೆ ಬರುತ್ತದೆ. ಕಾರಿನ ಸುಗಂಧದ ಡಬ್ಬಿಯನ್ನು ಮನೆಯಲ್ಲೇ ಬಿಡಿ, ಆ ವಾಸನೆಯೇ ಅರ್ಧ ಕಾಯಿಲೆ. ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿನ್ನಿ, ಹೊಟ್ಟೆ ಬಿರಿಯುವಷ್ಟು ಬೇಡ. ಘಾಟಿಯಲ್ಲಿ ಕಾರು ಓಡಿಸಿ ಅಭ್ಯಾಸವಿಲ್ಲದವರು ರಾತ್ರಿ ಬಸ್ಸಿನಲ್ಲಿ ಕಳಸಕ್ಕೆ ಬಂದು ಸ್ಥಳೀಯ ಜೀಪು ಹಿಡಿಯುವುದೇ ಮೇಲು.

ಚಾರಣ: ಇಲ್ಲಿ ಅವಸರ ಬೇಡವೇ ಬೇಡ

ಕುದುರೆಮುಖ ಶಿಖರದ ಎತ್ತರ 1,894 ಮೀಟರ್. ಚಾರಣ ಶುರುವಾಗುವ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ದಿನಕ್ಕೆ ಇಂತಿಷ್ಟೇ ಜನರಿಗೆ ಅನುಮತಿ, ಅದನ್ನು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಬೇಕು. ‘ಬನ್ನಿ ಸಾರ್, ಒಳಗೆ ಬಿಡಿಸುತ್ತೇನೆ’ ಎನ್ನುವವರ ಮಾತಿಗೆ ಹಣ ಕೊಡಬೇಡಿ. ಸಂಸೆ ಬಳಿಯ ಬಾಳೆಗಲ್ಲಿನಿಂದ ಮುಳ್ಳೋಡಿಗೆ ಜೀಪಿನಲ್ಲೇ ಹೋಗಿ; ಸ್ವಂತ ಕಾರಿನ ತಳ ಆ ಹಾದಿಗೆ ಹೇಳಿದ್ದಲ್ಲ.

ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಶಿಖರದ ಆಸೆ ಬಿಡಿ. ಹಾದಿಯಲ್ಲಿ ಸಿಗುವ ಒಂಟಿಮರದವರೆಗೆ ನಡೆದು, ಬುತ್ತಿ ಉಂಡು ಹಿಂದಿರುಗಿ. ಹುಲ್ಲುಗಾವಲು, ಅದರ ಮಡಿಲಲ್ಲಿ ಅಡಗಿದ ‘ಶೋಲಾ’ ಎಂಬ ಕುಳ್ಳ ಮರಗಳ ದಟ್ಟ ಕಾಡು, ಹಳ್ಳದ ತಣ್ಣೀರು ಎಲ್ಲವೂ ಅಷ್ಟರೊಳಗೆ ಸಿಗುತ್ತವೆ. ಬೆಳಗಿನ ಚಳಿ ಇರುವಾಗಲೇ ಹೊರಟರೆ ಬಯಲಿನ ಬಿಸಿಲು ಕಾಡುವುದಿಲ್ಲ.

ಇನ್ನು ಇಂಬಳ, ಅಂದರೆ ಕಾಡಿನ ಜಿಗಣೆ. ಮಳೆ ತಡವಾಗಿ ಹಿಂದೆ ಸರಿದ ವರ್ಷ ನವೆಂಬರಿನಲ್ಲೂ ಇರುತ್ತದೆ. ಒದ್ದೆ ತರಗೆಲೆಯ ಮೇಲೆ ದಾರದ ಎಳೆಯಂತೆ ಎದ್ದು ನಿಂತು, ತಲೆಯಾಡಿಸುತ್ತ ಕಾಯುತ್ತದೆ. ಶೂ ತಗುಲಿದ ಕ್ಷಣ ಹತ್ತಿ, ಕಾಲುಚೀಲದ ನೇಯ್ಗೆಯ ಸಂದಿನಲ್ಲಿ ನುಸುಳುತ್ತದೆ. ಪ್ಯಾಂಟನ್ನು ಉದ್ದನೆಯ ಕಾಲುಚೀಲದೊಳಗೆ ತುರುಕಿ, ಚೀಲದ ಮೇಲೆ ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸಿ. ಮಕ್ಕಳ ಚರ್ಮಕ್ಕೆ ಸುಣ್ಣ ಹಚ್ಚಬೇಡಿ, ಸುಡುತ್ತದೆ. ಕಚ್ಚಿದ್ದರೆ ಎಳೆಯಬೇಡಿ, ಬೆಂಕಿಕಡ್ಡಿಯನ್ನೂ ತಾಗಿಸಬೇಡಿ. ಸಣ್ಣಗಿರುವ ತುದಿ ಬಾಯಿ; ಅದರ ಪಕ್ಕದಲ್ಲಿ ಉಗುರನ್ನು ಚರ್ಮಕ್ಕೆ ಒತ್ತಿ ಜಾರಿಸಿದರೆ ಬಿಡುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಆಮೇಲೂ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ತೊಳೆದು, ಬಟ್ಟೆಯಿಂದ ಒತ್ತಿ ಹಿಡಿಯಿರಿ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಕಾಡಿನ ನಡುವೆ ಕಿರುಚಾಟ ಇರುವುದಿಲ್ಲ.

ತೆಳು ಪ್ಲಾಸ್ಟಿಕ್ ಮಳೆಯಂಗಿ ಕೊಳ್ಳಬೇಡಿ. ಮೊದಲ ಪೊದೆಯಲ್ಲೇ ಹರಿದು, ಚೂರುಗಳು ಕಾಡಿನಲ್ಲೇ ಉಳಿಯುತ್ತವೆ.

ಹಿರಿಯರ ದಿನ

ಮರುದಿನ ಕಳಸದಿಂದ ಕಾರ್ಕಳದ ಕಡೆಗೆ ಉದ್ಯಾನದ ನಡುವಿನ ರಸ್ತೆಯಲ್ಲಿ ನಿಧಾನವಾಗಿ ಸಾಗಿ. 2005ರ ಕೊನೆಯವರೆಗೂ ಇಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಿಂದ ಗಣಿ ನಿಂತಿತು. ತುಂಗಾ, ಭದ್ರಾ, ನೇತ್ರಾವತಿಗಳ ಮೂಲ ಗಂಗಾಮೂಲ ಇದೇ ಸಾಲಿನಲ್ಲಿದೆ ಎಂಬುದನ್ನು ಮಕ್ಕಳಿಗೆ ಅಲ್ಲೇ ಹೇಳಿ. ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲು ಇಳಿಯುವುದು ಸುಲಭ, ಹತ್ತುವಾಗ ಮಂಡಿ ಕೇಳುವುದಿಲ್ಲ. ಅಜ್ಜಿ ತಾತ ಮೇಲೆಯೇ ಕುಳಿತಿರಲಿ. ಸಿಂಗಳೀಕ ಕಂಡರೆ ಬಾಳೆಹಣ್ಣು ಎಸೆಯಬೇಡಿ. ಮರದ ಮೇಲೆಯೇ ಬದುಕುವ ಪ್ರಾಣಿ, ತಿಂಡಿಯ ಆಸೆಗೆ ರಸ್ತೆಗಿಳಿದು ಚಕ್ರಕ್ಕೆ ಸಿಲುಕುತ್ತದೆ.

ವಾಪಸ್

ಬೆಳಿಗ್ಗೆ ಏಳಕ್ಕೇ ಕಳಸ ಬಿಡಿ. ಭಾನುವಾರವಾದರೆ ಸಂಜೆ ನಾಲ್ಕರೊಳಗೆ ನೆಲಮಂಗಲ ದಾಟಿರಬೇಕು. ತಡವಾದರೆ ಗೊರಗುಂಟೆಪಾಳ್ಯದವರೆಗೂ ವಾಹನಗಳ ಸಾಲಿನಲ್ಲಿ ತೆವಳಬೇಕಾಗುತ್ತದೆ.